ಕೆಂಪು ಪಟ್ಟಿಯ ಗೂಟ

ಬಿಳಿ ಕ್ಯಾನ್ವಾಸ್ ಬೂಟುಗಳನ್ನು ಈ ವಾರ ಎರಡನೆಯ ಸಲ ತೊಳೆದರೂ ಕೆಮ್ಮಣ್ಣು ಬಿಟ್ಟಿರಲಿಲ್ಲ. ಓಕ್ ಮರಕ್ಕೂ ಟ್ರೈಲರಿಗೂ ಕಟ್ಟಿದ ಹಗ್ಗದ ಮೇಲೆ ಕೊರಿನ್ ಅವನ್ನು ಒಣಹಾಕುತ್ತಿದ್ದಳು. ಅಷ್ಟರಲ್ಲಿ ಮೇಸ್ತ್ರಿ ಒರೋಸ್ಕೊ ಕೂಗಿದ.

"ಸಾರ್! ಬೇಗ ಬನ್ನಿ!"

ಅವಳ ಕೈಯಿಂದ ಬೂಟು ಜಾರಿತು.

ಲಾಸ್ ಏಂಜಲೀಸಿನ ಆ ಕಡಿದಾದ ಗುಡ್ಡ ಅವಳ ಅಪ್ಪನದು, ಓಕ್ ಮರ ಅವನು ನೆಟ್ಟದ್ದು. ಅಲ್ಲಿ ಅವಳ ಗಂಡ ಲೋವೆಲ್ ಉಕ್ಕು ಗಾಜುಗಳ ಮನೆ ಕಟ್ಟುತ್ತಿದ್ದ. ಮುಗಿಯುವ ತನಕ ಗಂಡ, ಹೆಂಡತಿ, ಮಗಳು ಮೂವರಿಗೂ ಗಾಲಿಯ ಮೇಲಿನ ಮನೆಯಾದ ಆ ಟ್ರೈಲರೇ ಗತಿ. ನಕ್ಷೆಗೆ ಐದು ವರ್ಷ ಹಿಡಿದಿತ್ತು. ಅದರಲ್ಲಿ ಮರ ಇರಲಿಲ್ಲ.

"ಕಂಬ ನಿಲ್ಲಿಸೋಕೆ ಮೂವತ್ತಡಿ ಕೊರೆದ್ವಿ, ಬಂಡೆ ಸಿಗ್ಲಿಲ್ಲ," ಎಂದ ಒರೋಸ್ಕೊ. "ಬರೀ ಸಡಿಲ ಮಣ್ಣು. ಅಳತೆ ಹಿಡಿದು ನೋಡಿದ್ರೆ ಕಂಬದ ಜಾಗ ತೋರಿಸೋ ಗೂಟಾನೇ ಆರಡಿ ಆಚೆ ಸರಿದಿದೆ! ಕೊರೆಯೋರು ನಕ್ಷೆ ನೋಡಲ್ಲ ಸಾರ್, ಕೆಂಪು ಪಟ್ಟಿ ಕಟ್ಟಿದ ಗೂಟ ನೋಡ್ತಾರೆ. ಆ ಪಟ್ಟೀನೂ ಅರ್ಧ ಹರಿದುಹೋಗಿದೆ."

ಉಳಿದರ್ಧ ಟ್ರೈಲರಿನ ಮೆಟ್ಟಿಲ ಮೇಲಿತ್ತು. ಅಲ್ಲಿ ಕೂತಿದ್ದ ಆರು ವರ್ಷದ ಮಗಳು ಜೂನಿಯ ಜಡೆಯಲ್ಲಿ.

"ನೀನೇನಾ?" ಎಂದ ಲೋವೆಲ್.

ಜೂನಿ ಅಮ್ಮನ ಮುಖ ನೋಡಿದಳು.

"ಭಲೇ ಹುಡುಗಿ," ಒರೋಸ್ಕೊ ನಕ್ಕ. "ಒಂದಡಿ ಆಳಕ್ಕೆ ಬಡಿದು ಕೂರಿಸಿದ್ದಾಳೆ. ನನ್ನ ಆಳುಗಳಿಗೂ ಇಷ್ಟು ತೋಳಬಲ ಇಲ್ಲ."

ಲೋವೆಲ್ ನಗಲಿಲ್ಲ. "ಈ ಗುಡ್ಡದಲ್ಲಿ ಒಂದು ಕಂಬ ಜಾರಿದ್ರೆ ಮನೆಯೆಲ್ಲ ಜಾರುತ್ತೆ. ಕೊರಿನ್, ನೀನೇನು ಮಾಡ್ತಿದ್ದೆ?"

"ತಪ್ಪು ನಂದೇ," ಎಂದಳು ಕೊರಿನ್.

"ನಿನ್ನ ಮುದ್ದು ಜಾಸ್ತಿಯಾಯ್ತು, ಅದೇ ತಪ್ಪು. ಮನೆ ಮುಗಿಯೋ ತನಕ ಇವಳು ಫ್ರೆಸ್ನೊದಲ್ಲಿ ಅಜ್ಜಿ ಹತ್ರ ಇರ್ಲಿ. ಇವತ್ತೇ ಹೊರಡಿಸು."

ಕೊರಿನ್ ಟ್ರೈಲರಿನೊಳಗೆ ಹೋಗಿ ಪೆಟ್ಟಿಗೆ ತೆಗೆದಳು.

ಪೆಟ್ಟಿಗೆಗೆ ಎರಡು ಫ್ರಾಕು, ಬಟ್ಟೆಯ ಮೊಲ, ಹಲ್ಲುಜ್ಜುವ ಬ್ರಷ್ಷು. ಕೊರಿನ್ ಅದಕ್ಕೆ ಬೀಗ ಹಾಕಿದಳು. ಹೊರಗೆ ಒರೋಸ್ಕೊ ಓಕ್ ಮರ ಕಡಿಯಲು ಗರಗಸ ತರುವಂತೆ ಆಳಿಗೆ ಹೇಳುತ್ತಿದ್ದ.

ಜೂನಿ ಅಳಲಿಲ್ಲ. ಅಮ್ಮನ ಕೈ ಹಿಡಿದು, ಅಂಗೈಯ ಬೊಬ್ಬೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಸವರಿದಳು.

"ನಾನು ಯಾರಿಗೂ ಹೇಳ್ಲಿಲ್ಲಮ್ಮಾ," ಎಂದಳು. "ಆದ್ರೆ ಆವತ್ತು ಬೆಳಿಗ್ಗೆ ತಾತನ ಮರದ ಹತ್ರ ಇದ್ದ ಗೂಟಾನ ನೀನ್ಯಾಕೆ ಕಿತ್ತು ಆಚೆ ಹೊಡೆದೆ?"