ಎಳೆದವರು ಯಾರು?

“ಯಾರೂ ಎಳೀದೆ ಎಳೆ ಹೇಗಮ್ಮಾ ಹರಿಯತ್ತೆ?” ಎಂದು ಹೊರಗಿನಿಂದ ಬಂದ ಪರೀಕ್ಷಕರು ಮೂರನೆಯ ಸಲ ಕೇಳಿದರು.

ಹುಡುಗಿ ತನ್ನ ಚಪ್ಪಲಿಯ ತುದಿ ನೋಡಿದಳು. ನಾಲ್ಕು ವರ್ಷದಿಂದ ಅವಳು ಕಾದುಕೊಂಡು ಕೂತದ್ದು ಒಂದೇ ಬಗೆಯ ಅಣುವನ್ನು. ನಡುವೆ ಒಂದು ಉದ್ದನೆಯ ಎಳೆ, ಅದರ ಮೈತುಂಬ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಒತ್ತೊತ್ತಾಗಿ ಕವಲುಗಳು. ದ್ರಾವಣದಲ್ಲಿ ಅದಕ್ಕೆ ಏನೂ ಆಗುತ್ತಿರಲಿಲ್ಲ. ಗಾಜಿನ ಮೇಲೆ ಹರಡಿದರೆ ಮಾತ್ರ ನಡುವಿನ ಎಳೆ ತಾನಾಗಿಯೇ ಕಡಿದುಹೋಗುತ್ತಿತ್ತು. ಯಾಕೆಂದು ಇನ್ನೂರು ಪುಟ ಬರೆದಿದ್ದಳು.

“ನಿನ್ನ ಕೈಯೇ ಎಲ್ಲೋ ತಾಗಿರ್ಬೇಕು. ಇದಕ್ಕೆಲ್ಲ ಡಾಕ್ಟರೇಟ್ ಕೊಡಕ್ಕಾಗಲ್ಲ,” ಎಂದು ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಪಕ್ಕದಲ್ಲಿದ್ದ ಅವಳ ಗೈಡು ಚಾವಣಿ ನೋಡಿದರು.

ಹುಡುಗಿ ಎದ್ದು ಹೊರಗೆ ಹೋದಳು. ಅಳುವುದಕ್ಕೆ ಹೋಗಿರಬೇಕು ಎಂದುಕೊಂಡರು. ಐದು ನಿಮಿಷಕ್ಕೆ ವಾಚ್‌ಮನ್, ಕಸ ಗುಡಿಸುವಾಕೆ, ಲೈಬ್ರರಿಯವರು ಎಂದು ಹತ್ತು ಜನರನ್ನು ಕರೆದುಕೊಂಡು ಬಂದಳು.

“ಸಾರ್, ನೆಲದ ಮೇಲೆ ಕೂತ್ಕೋತೀರಾ? ನೀವೂ ನಮ್ಮ ಸಾರೂ ನಡುವಿನ ಎಳೆ, ಇವ್ರೆಲ್ಲ ಕವಲು. ನಮ್ಮ ಸಾರ್ ನಿಮ್ಮ ತೋಳು ಹಿಡ್ಕೋತಾರೆ. ಏನೇ ಆದ್ರೂ ಬಿಡಬಾರ್ದು.”

“ನಾನಾ, ಬಿಡೋದಾ?” ಎಂದು ಗೈಡು ಪಕ್ಕದಲ್ಲೇ ಕೂತು ಪರೀಕ್ಷಕರ ಕೋಟಿನ ತೋಳಿಗೆ ಉಡದ ಪಟ್ಟು ಹಾಕಿದರು. ಹುಡುಗಿಯ ಮಾನಕ್ಕಿಂತ ಹೆಚ್ಚಾಗಿ ಅದು ಅವರ ಮಾನದ ಪ್ರಶ್ನೆಯಾಗಿತ್ತು.

ಬಂದ ಹತ್ತು ಜನರಲ್ಲಿ ಐವರು ಪರೀಕ್ಷಕರಿಗೆ, ಐವರು ಗೈಡಿಗೆ ಅಂಟಿಕೊಂಡು, ಮೊಣಕಾಲು ತಬ್ಬಿ ಮುದುಡಿ ಕುಳಿತರು.

“ನೋಡು, ಎಲ್ಲಿ ಹರೀತು?” ಎಂದರು ಪರೀಕ್ಷಕರು.

“ಅದು ದ್ರಾವಣ ಸಾರ್. ಇನ್ನು ಗಾಜು. ಈಗ ಎಲ್ರೂ ಆರಾಮಾಗಿ ಕೂತ್ಕೊಳ್ಳಿ,” ಎಂದಳು ಹುಡುಗಿ, ಗೋಡೆಗೆ ಹೇಳುವ ಹಾಗೆ.

ಹತ್ತು ಜನ ಚಕ್ಕಳಮಕ್ಕಳ ಹಾಕಿದರು. ಇಪ್ಪತ್ತು ಮೊಣಕಾಲು ಜಾಗ ಹುಡುಕಿದವು. ವಾಚ್‌ಮನ್ನನ ತೊಡೆ ಗೈಡನ್ನು ಆಚೆಗೆ ಒತ್ತಿತು, ಲೈಬ್ರರಿಯವರ ಸೊಂಟ ಪರೀಕ್ಷಕರನ್ನು ಈಚೆಗೆ ಸರಿಸಿತು. ಪರ್ರೆಂದು ಸದ್ದಾಯಿತು. ಕೋಟಿನ ತೋಳು ಇಡಿಯಾಗಿ ಗೈಡಿನ ಕೈಯಲ್ಲಿ ಉಳಿಯಿತು.

“ಯಾರ್ರೀ ಎಳೆದಿದ್ದು?”

“ಯಾರೂ ಇಲ್ಲ ಸ್ವಾಮಿ,” ಎಂದಳು ಕಸ ಗುಡಿಸುವಾಕೆ. “ಒಂಚೂರು ಸರಿಯಾಗಿ ಕೂತ್ವಿ, ಅಷ್ಟೆ.”

ಪರೀಕ್ಷಕರು ತಮ್ಮ ಭುಜದಿಂದ ಇಳಿಬಿದ್ದ ದಾರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೈ ಚಾಚಿದರು.

“ನನ್ನ ಪೆನ್ನು ಕೊಡಮ್ಮಾ, ಸಹಿ ಹಾಕ್ತೀನಿ. ನೀವ್ಯಾರೂ ಅಲ್ಲಾಡ್ಬೇಡಿ. ಇನ್ನೊಂದು ತೋಳಿದೆ.”