ಕಿಟಕಿ ಪಕ್ಕದ ಸೀಟು

ಹೆಂಡತಿಗೆ ಕಿಟಕಿ ಪಕ್ಕದ ಸೀಟು ಕೊಡಿಸಲು ಹೋಗಿ ನಮ್ಮ ಪ್ರೋಗ್ರಾಮರ್ ಮಹಾಶಯ ಅವಳ ವಾಪಸ್ ಪ್ರಯಾಣವನ್ನೇ ಅಳಿಸಿ ಕೂತ. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಅವನು ಕೆಲಸ ಮಾಡುವ ವಿಮಾನ ಟಿಕೆಟ್ ಕಂಪನಿಯಲ್ಲಿ ಅವನಂಥ ಚುರುಕಿನವನು ಹುಟ್ಟಿಯೇ ಇರಲಿಲ್ಲ. ಅವನು ಒಮ್ಮೆ ಕೆಮ್ಮಿದರೆ ನೂರು ವಿಮಾನಗಳು ಹೊರಡುವ ಹೊತ್ತು ಬದಲಾಗುತ್ತಿತ್ತು ಎಂದರೂ ನೀವು ನಂಬಲೇಬೇಕು.

ಜಗಳವಾಡಿ ತವರಿಗೆ ಹೋದವಳು ನಾಳೆ ಬರುವವಳಿದ್ದಳು. ಫೋನ್ ಮಾಡಿ ‘ಬಾ’ ಎನ್ನಲು ಮಾತ್ರ ಈ ಶೂರನ ನಾಲಿಗೆ ಬೆಟ್ಟದಷ್ಟು ಭಾರ. ಅದಕ್ಕೇ ಸೀಟು ಕೊಟ್ಟು ಒಲಿಸಿಕೊಳ್ಳುವ ಈ ಅಡ್ಡದಾರಿ: ಅವಳ ಪ್ರಯಾಣದ ವಿವರ ತಿದ್ದು ಎಂದು ಟಿಕೆಟ್‌ಗಳ ಲೆಕ್ಕವಿಡುವ ಸರ್ವರಿಗೆ ಒಂದು ಸಾಲು ಕಳಿಸಿದ. ಅದರಲ್ಲಿ ಬರೆದದ್ದು ಹೊಸ ಸೀಟಿನ ನಂಬರ್ ಒಂದೇ. ತಿದ್ದಿದ್ದಾಯಿತು ಎಂದಿತು ಸರ್ವರ್. ನೋಡಿದರೆ, ವಾಪಸ್ ಬರುವ ದಿನಾಂಕದ ಜಾಗ ಬಟಾಬಯಲು; ಅಂದರೆ ಪ್ರಯಾಣವೇ ರದ್ದು.

ಆ ಸರ್ವರನ್ನು ಕಟ್ಟಿದವಳು, ಇಡೀ ಆಫೀಸಿಗೆ ಅಕ್ಕ ಆದವಳು, ಎದುರು ಮೇಜಿನಿಂದ ಎದ್ದು ಬಂದು ಬಗ್ಗಿ ನೋಡಿದಳು.

“ಒಂದನ್ನ ತಿದ್ದೋದಾದ್ರೂ ಎಲ್ಲಾನೂ ಸೇರಿಸಿ ಕಳಿಸ್ಬೇಕು ಕಣೋ. ನೀನು ಹೇಳದೆ ಬಿಟ್ಟಿದ್ದನ್ನ ಅದು ಬೇಡ ಅಂತಲೇ ತಿಳ್ಕೊಳ್ಳುತ್ತೆ.”

“ಥೇಟ್ ನನ್ನ ಹೆಂಡ್ತಿ.”

“ಹೆಂಡ್ತಿ ಸರಿಯಾಗೇ ಇದ್ದಾಳೆ ಬಿಡು,” ಎಂದಳು ಅಕ್ಕ.

ಅವನ ಬೆವರಿನಲ್ಲಿ ಎರಡು ದೋಣಿ ಬಿಡಬಹುದಿತ್ತು. ಕುಳಿತ, ಎದ್ದ, ಮತ್ತೆ ಕುಳಿತ. ಎಲ್ಲ ವಿವರ ತುಂಬಿ ಇನ್ನೊಮ್ಮೆ ಕಳಿಸಿದ. ಈ ಸಲ ಸರ್ವರ್ ಜಗ್ಗಲಿಲ್ಲ. ರದ್ದಾದ ಪ್ರಯಾಣ ಮರಳಿ ಸೇರಬೇಕಾದರೆ ಪ್ರಯಾಣಿಕರೇ ತಮ್ಮ ಫೋನಿನಲ್ಲಿ ಒಪ್ಪಿಗೆ ಕೊಡಬೇಕಂತೆ. ಸಂಜೆಯೊಳಗೆ ಕೊಡದಿದ್ದರೆ ಸೀಟು ಬೇರೆಯವರ ಪಾಲಂತೆ.

ಅಷ್ಟರಲ್ಲಿ ಹೆಂಡತಿಯದೇ ಫೋನ್ ಬಂತು.

“ರೀ, ನನ್ನ ವಾಪಸ್ ಟಿಕೆಟ್ ರದ್ದಾಗಿದೆ ಅಂತ ಮೆಸೇಜು. ಬರೋದು ಬೇಡ ಅನ್ನೋದನ್ನ ಬಾಯಿಬಿಟ್ಟೇ ಹೇಳ್ಬಹುದಿತ್ತು.”

“ಅದು ನಾನಲ್ಲ ಕಣೇ, ಸರ್ವರ್ ಮಾಡಿದ್ದು.”

ಕಿಟಕಿ, ಸೀಟು, ಬಿಟ್ಟುಹೋದ ವಿವರಗಳು ಎಂದೆಲ್ಲ ಒಂದೇ ಉಸಿರಿನಲ್ಲಿ ಒದರಿದ. ಒದರಿ ಮುಗಿಸುವಷ್ಟರಲ್ಲಿ ಅವನ ತಲೆಗೂದಲು ಅರ್ಧ ಬೆಳ್ಳಗಾಯಿತು.

“ಇನ್ನೊಂದು ಮೆಸೇಜ್ ಬಂದಿರುತ್ತೆ ನೋಡು,” ಎಂದ ಕೊನೆಗೆ, “ವಾಪಸ್ ಪ್ರಯಾಣ ಬೇಕಾ ಅಂತ. ಹೌದು ಅಂತ ಒತ್ತಿಬಿಡು, ಸಾಕು.”

“ಬಂದಿದೆ. ಕೈಯಲ್ಲೇ ಇದೆ,” ಎಂದಳು ಅವಳು. “ಹೇಳಿ, ಕೇಳ್ತಿರೋದು ನೀವಾ, ಸರ್ವರಾ?”