ತಡದ ತಿದ್ದುಪಡಿ

ಕಾಲಮಾಪನ ಪ್ರಯೋಗಾಲಯದ ಚಾವಣಿಯ ಆಂಟೆನಾದಿಂದ ಕೇಬಲ್ಲಿನಲ್ಲಿ ಇಳಿಯುವಾಗ ಉಪಗ್ರಹದ ಸಮಯಕ್ಕಾಗುವ ಕೂದಲೆಳೆಯಷ್ಟು ತಡವನ್ನು ಅವಳು ರಿಸೀವರಿನಲ್ಲಿ ತಿದ್ದುತ್ತಿದ್ದಾಗ ಗಂಡನ ಫೋನು ಬಂತು.

“ಇವತ್ತೂ ಆರು ದಾಟಿದ್ರೆ ನಾಳೆ ರಾಜೀನಾಮೆ. ಬರೆದಿಟ್ಟಿದೀಯ ತಾನೆ?”

“ಬ್ಯಾಗಲ್ಲೇ ಇದೆ ರೀ. ಬೇಗ ಬರ್ತೀನಿ.”

ಅನುಮತಿ ಕೇಳಿ ಅರ್ಧ ಗಂಟೆ ಮೊದಲೇ ಹೊರಟಳು. ಆದರೂ ಮನೆ ಹೊಕ್ಕಾಗ ಗೋಡೆ ಗಡಿಯಾರದಲ್ಲಿ ಆರು ಗಂಟೆ ಹತ್ತು ನಿಮಿಷ. ಗಂಡ ಅದರತ್ತ ಬೆರಳು ಮಾಡಿದ.

“ಸೆಕೆಂಡನ್ನ ಕೋಟಿ ಚೂರು ಮಾಡಿ ಅಳೀತಾಳಂತೆ. ಮನೆಗೆ ಬರೋ ಹೊತ್ತು ಮಾತ್ರ ತಿಳಿಯಲ್ಲ!”

“ಬಸ್ಸು ನಿಧಾನವಾಯ್ತೇನೋ.”

“ನಾಳೆ ಪತ್ರ ಕೊಟ್ಬಿಡು.”

“ಹೂಂ.”

ಅಡುಗೆಮನೆಯಲ್ಲಿ ಕೈತೊಳೆಯಲೆಂದು, ಮಧ್ಯಾಹ್ನವಷ್ಟೇ ರಿಸೀವರಿಗೆ ಸರಿಹೊಂದಿಸಿದ್ದ ಕೈಗಡಿಯಾರವನ್ನು ಬಿಚ್ಚಿದಳು. ಅದರಲ್ಲಿ ಐದು ಗಂಟೆ ನಲವತ್ತು ನಿಮಿಷವಾಗಿತ್ತು.

ಅವಳು ರಾಜೀನಾಮೆ ಪತ್ರವನ್ನು ನಾಲ್ಕಾಗಿ ಮಡಚಿ, ಸೋರುತ್ತಿದ್ದ ಎಣ್ಣೆ ಡಬ್ಬಿಯ ಕೆಳಗಿಟ್ಟಳು.